ಕಾಣೆಯಾದ ತಂದೆಯ ಸಹಿ

ಒಂಬೈನೂರು ಕಂತು ದಾಟಿದ ಆ ಧಾರಾವಾಹಿಯಲ್ಲಿ ಅಕ್ಕ-ತಮ್ಮನ ಪಾತ್ರ ಮಾಡುತ್ತಿದ್ದವರು ನಿಜದಲ್ಲಿ ಗಂಡ-ಹೆಂಡತಿ ಎಂಬುದು ಚಾನೆಲ್ಲಿನ ಗಮನಕ್ಕೆ ಬಂದದ್ದು ಒಬ್ಬ ವೀಕ್ಷಕಿಯ ದೂರಿನಿಂದ. ತರಕಾರಿ ಅಂಗಡಿಯಲ್ಲಿ ತಮ್ಮನು ಅಕ್ಕನ ಹೆಗಲ ಮೇಲೆ ಕೈಹಾಕಿಕೊಂಡು ಬದನೆಕಾಯಿ ಆರಿಸುತ್ತಿದ್ದುದನ್ನು ಕಂಡು ಆಕೆಗೆ ಎರಡು ದಿನ ಊಟ ಸೇರಿರಲಿಲ್ಲ.

ಚಾನೆಲ್ಲಿನ ಸಂಬಂಧ ಪಾಲನಾ ಅಧಿಕಾರಿಗಳು ದಂಪತಿಯನ್ನು ಕರೆಸಿ ಸುತ್ತೋಲೆ ಕೊಟ್ಟರು.

"ಮನೆಯೊಳಗೆ ನೀವು ಗಂಡ-ಹೆಂಡ್ತಿ ಆಗಿರೋದಕ್ಕೆ ನಮ್ಮ ಅಭ್ಯಂತರ ಇಲ್ಲ. ಕಿಟಕಿ ಮುಚ್ಚಿರಬೇಕು, ಅಷ್ಟೆ. ಬೀದಿಗೆ ಬಂದ್ರೆ ಅಕ್ಕ-ತಮ್ಮ."

"ನಮ್ಗೆ ಐದು ವರ್ಷದ ಮಗಳಿದ್ದಾಳೆ ಸಾರ್," ಎಂದಳು ಹೆಂಡತಿ.

"ಕಲಂ ನಾಲ್ಕು ನೋಡಿ. ಅವಳು ಇವರನ್ನ ಮಾವ ಅನ್ನಬೇಕು."

"ಅಪ್ಪ ಎಲ್ಲಿ ಅಂತ ಯಾರಾದ್ರೂ ಕೇಳಿದ್ರೆ?"

"ಕಥೆಯಲ್ಲಿ ನಿಮ್ಮ ಯಜಮಾನ್ರು ಕಾಣೆಯಾಗಿ ಇನ್ನೂರು ಕಂತಾಯ್ತಲ್ಲಮ್ಮ. ಹುಡುಕಿಸ್ತಾ ಇದೀವಿ ಅನ್ನಿ."

ಹೆಂಡತಿ ಸಿಟ್ಟಿನಿಂದ ಎದ್ದಳು. ಒಪ್ಪಂದದ ಪ್ರಕಾರ ಆ ಸಿಟ್ಟನ್ನು ಕ್ಯಾಮೆರಾ ಮುಂದೆ ಮಾತ್ರ ಬಳಸತಕ್ಕದ್ದು ಎಂದು ಅಧಿಕಾರಿಗಳು ನೆನಪಿಸಿದ ಮೇಲೆ ಕುಳಿತಳು.

ಮಗಳಿಗೆ ಕಲಿಸಲು ಒಂದು ವಾರ ಹಿಡಿಯಿತು. ಮೊದಮೊದಲು "ಅಪ್ಪಮಾವ" ಎನ್ನುತ್ತಿದ್ದಳು, ಆಮೇಲೆ ಬರೀ "ಮಾವ" ಆಯಿತು. ಮಲಗಿಸುವಾಗಲೂ ಅಷ್ಟೇ. ಅಪ್ಪ ತಿದ್ದಲಿಲ್ಲ, ಅಭ್ಯಾಸ ತಪ್ಪಿಸಬಾರದು ಎಂದು ಸುತ್ತೋಲೆಯಲ್ಲೇ ಇತ್ತು.

ಮುಂದಿನ ತಿಂಗಳು ಶಾಲೆಯಿಂದ ಮೃಗಾಲಯಕ್ಕೆ ಪ್ರವಾಸ. ಒಪ್ಪಿಗೆ ಪತ್ರಕ್ಕೆ ತಂದೆಯ ಸಹಿ ಬೇಕಿತ್ತು. ಬಸ್ಸು ಹೊರಡುವ ದಿನ ಬೆಳಿಗ್ಗೆ ಅಪ್ಪ ಮಗಳನ್ನು ಕರೆದುಕೊಂಡು ಶಾಲೆಯ ಕಚೇರಿಗೆ ಸಹಿ ಹಾಕಲು ಹೋದ. ಹೊಸದಾಗಿ ಬಂದಿದ್ದ ಮುಖ್ಯೋಪಾಧ್ಯಾಯಿನಿ ಧಾರಾವಾಹಿಯ ಒಂದು ಕಂತನ್ನೂ ಬಿಟ್ಟವರಲ್ಲ. ಪೆನ್ನು ಕಿತ್ತುಕೊಂಡರು.

"ಸೋದರಮಾವನ ಸಹಿ ನಡೆಯಲ್ಲಪ್ಪ."

"ಮೇಡಂ, ನಾನೇ ಇವಳ ಅಪ್ಪ."

"ಛೆ. ಅಕ್ಕನ ವಿಷಯದಲ್ಲಿ ಹೀಗೆಲ್ಲ ಮಾತಾಡಬಾರದು." ಅವರು ಮಗುವಿನ ಕಡೆ ತಿರುಗಿದರು. "ಇವರು ಯಾರು ಪುಟ್ಟಿ?"

"ಮಾವ. ಅಪ್ಪನ್ನ ಹುಡುಕಿಸ್ತಾ ಇದಾರೆ."

ಕೋಣೆಯಲ್ಲಿದ್ದ ಇಬ್ಬರು ಶಿಕ್ಷಕಿಯರು ಕಣ್ಣೊರೆಸಿಕೊಂಡರು.

ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಮಗಳು ಕಿಟಕಿಗೆ ಓಡಿ ಬಸ್ಸನ್ನು ಇಣುಕಿ ನೋಡಿದಳು. ಅಪ್ಪ ಬೇರೆ ದಾರಿ ಕಾಣದೆ, ಕಾಣೆಯಾದ ಗಂಡನ ಪಾತ್ರಧಾರಿಗೆ ಫೋನ್ ಮಾಡಿದ. ಇನ್ನೂರು ಕಂತಿನಿಂದ ಕೆಲಸವಿಲ್ಲದೆ ಕೂತಿದ್ದ ಆತ ಗಡ್ಡ ಕೂಡ ಬೋಳಿಸದೆ ಹತ್ತೇ ನಿಮಿಷದಲ್ಲಿ ಬಂದ. ಮುಖ್ಯೋಪಾಧ್ಯಾಯಿನಿ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. 'ತಂದೆ' ಎಂದು ಅಚ್ಚಾಗಿದ್ದ ಜಾಗದಲ್ಲಿ ಆತ ಅಂದವಾಗಿ ಸಹಿ ಮಾಡಿದ.

"ಇನ್ಮೇಲಾದ್ರೂ ಮನೆ ಬಿಟ್ಟು ಹೋಗ್ಬೇಡಿ ಭಾವ," ಎಂದ ಅಪ್ಪ, ಎಲ್ಲರಿಗೂ ಕೇಳುವಂತೆ.

"ನಿರ್ದೇಶಕರು ಒಪ್ಪಿದ್ರೆ ಎಲ್ಲೂ ಹೋಗಲ್ಲಪ್ಪ."

ಮಗಳು ಓಡಿಹೋಗಿ ಬಸ್ಸು ಹತ್ತಿದಳು. ತಂದೆ ಪತ್ತೆಯಾಗಿದ್ದಾರೆಂದು ಶಾಲೆಯ ದಾಖಲೆಯಲ್ಲಿ ನಮೂದಾಯಿತು.

ಮುಖ್ಯೋಪಾಧ್ಯಾಯಿನಿ ಅಪ್ಪನ ಬೆನ್ನು ತಟ್ಟಿದರು. "ಅಂತೂ ಅಕ್ಕನ ಸಂಸಾರ ದಡ ಸೇರಿಸಿದ್ರಿ."

"ನನ್ನ ಕರ್ತವ್ಯ ಮೇಡಂ," ಎಂದು ಅವನು ಕೈಮುಗಿದ.