ನಾನು ಬಿಡಿಸಿದ ಮೂರು ಗಂಟಲು

ಕಾಲು ಸರಿಹೋದವನು ಎದ್ದು ನಡೆದುಬಿಡುತ್ತಾನೆ. ಗಂಟಲು ಸರಿಹೋದವನು ಮಾತಾಡುತ್ತಾನೆ. ಆಗಲೇ ಡಾಕ್ಟರಿಗೆ ಫಜೀತಿ ಶುರು. ಎಂಬತ್ತರ ದಶಕದಲ್ಲಿ ಕೆಜಿಎಫ್‌ನ ಆಸ್ಪತ್ರೆಯೊಂದರಲ್ಲಿ ನನಗೆ ಇಂಥದ್ದು ಆಗಾಗ ಎದುರಾಗುತ್ತಲೇ ಇತ್ತು. ಗಾಯವೋ ಸೋಂಕೋ ಆಗಿ, ಒಳಗೆ ಕಲೆಗಟ್ಟಿ, ಧ್ವನಿಪೆಟ್ಟಿಗೆ ಕಿರಿದಾದವರು ನನ್ನಲ್ಲಿಗೆ ಬರುತ್ತಿದ್ದರು. ಉಸಿರಿಗೆಂದು ಕತ್ತಿನಲ್ಲಿ ತೂತು ಮಾಡಿ ಕೊಳವೆ ಇಟ್ಟು, ಆಮೇಲೆ ಆ ಕಲೆ ಕತ್ತರಿಸಿ ದಾರಿ ಬಿಡಿಸುವುದು ನನ್ನ ಕೆಲಸ. ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು, ಸಂಕೋಚವಿಲ್ಲದೆ ಹೇಳುತ್ತೇನೆ.

ಹಸುವಿನ ಹಟ

ಬೂದಿಕೋಟೆ ಕಡೆಯ ಹೆಂಗಸು, ಡೈರಿಗೆ ಹಾಲು ಹಾಕುವವಳು. ಆಪರೇಷನ್ ಮಾಡಿ, "ಹದಿನೈದು ದಿನ ಪಿಸುಮಾತೂ ಕೂಡದು" ಎಂದು ಮನೆಗೆ ಕಳಿಸಿದೆ. ನಾಲ್ಕನೇ ದಿನ ಗಂಡ ಒಬ್ಬನೇ ಬಂದ. ಮುಖ ಬಾಡಿತ್ತು.

"ಏನಾಯ್ತಪ್ಪಾ? ಉಸಿರು ಕಟ್ತಾ?"

"ಇಲ್ಲ ಸಾರ್, ಅವ್ಳು ಚೆನ್ನಾಗವ್ಳೆ. ಅಸ ಆಲು ಇಳಿಸ್ತಿಲ್ಲ."

"ಹಸು ಹಾಲು ಕೊಡದಿದ್ರೆ ದನದ ಡಾಕ್ಟರ ಹತ್ರ ಹೋಗು!"

"ಓಗಿದ್ದೆ ಸಾರ್. ಅಸೂಗೆ ಏನೂ ಆಗಿಲ್ಲ ಅಂದ್ರು. ಇವ್ಳು ದಿನಾ ಬೈಕೊಂಡೇ ಕರೀತಿದ್ಲು, ಅದಕ್ಕೆ ಅದೇ ರೂಢಿ. ನಾನೂ ಬೈದು ನೋಡ್ದೆ, ಒದೀತು. ಒಂದೇ ಒಂದು ಬೈಗ್ಳಕ್ಕೆ ಪರ್ಮಿಷನ್ ಕೊಡಿ ಸಾರ್!"

ಮುಖಂಡನ ಭಾಷಣ

ಇವನು ಕೆಜಿಎಫ್‌ನದೇ ಕೋರಮಂಡಲ್ ಕಡೆಯ ಗಣಿ ಕಾರ್ಮಿಕರ ಮುಖಂಡ. ಆಪರೇಷನ್ ಆಗಿ ದನಿ ಮರಳಿತ್ತು, ಆದರೆ ಕತ್ತಿನ ಕೊಳವೆ ಇನ್ನೂ ಎರಡು ತಿಂಗಳು ಇರಬೇಕಿತ್ತು. ಅದರ ಬಾಯಿಗೆ ಬೆರಳು ಒತ್ತಿದರೆ ಮಾತು, ತೆಗೆದರೆ ಬರೀ ಬುಸ್.

ಗೇಟ್ ಮೀಟಿಂಗಿನಲ್ಲಿ ಅವನ ಒಂದು ಕೈಗೆ ಮೈಕು ಬೇಕು, ಇನ್ನೊಂದು ಕೈ ಮುಷ್ಟಿ ಎತ್ತಬೇಕು. ಹಾಗಾಗಿ ಪಕ್ಕದಲ್ಲಿ ನಿಂತ ಸಂಘದ ಕಾರ್ಯದರ್ಶಿಯೇ ಬೆರಳು ಒತ್ತಿ ಹಿಡಿದಿದ್ದ. ನನ್ನ ಕೈಚಳಕ ಕೇಳೋಣವೆಂದು ನಾನೂ ಹೋಗಿದ್ದೆ.

"ಬೋನಸ್ ಬೇಕು!" ಚಪ್ಪಾಳೆ. "ಹೊಸ ಬೂಟು ಬೇಕು!" ಮತ್ತೆ ಚಪ್ಪಾಳೆ. ದನಿ ಗುಡುಗುತ್ತಿತ್ತು, ನಾನು ಉಬ್ಬಿಹೋದೆ.

"ನಮ್ಮ ಸಂಘದಲ್ಲೇ ಒಬ್ಬ ಚಾಡಿಕೋರ ಇದ್ದಾನೆ! ಅವನು ಯಾರಂದ್ರೆ..."

ಕಾರ್ಯದರ್ಶಿ ಬೆರಳು ತೆಗೆದುಬಿಟ್ಟ.

ಯಾರ ಗಂಟಲು?

ಧಾರವಾಡ ಕಡೆಯ ತರುಣ, ಇಲ್ಲಿನ ಫ್ಯಾಕ್ಟರಿಗೆ ಆಗಷ್ಟೇ ಸೇರಿದ್ದ. ಬಂಗಾರಪೇಟೆ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದಾಗ ಹ್ಯಾಂಡಲ್ ಬಡಿದು ಧ್ವನಿಪೆಟ್ಟಿಗೆ ಜಜ್ಜಿಹೋಗಿತ್ತು. ಒಳಗೆ ಕಲೆ ಗಟ್ಟಿಯಾಗಿ ಕೂಡಿಕೊಂಡು ದನಿಯೇ ನಿಂತಿತ್ತು. ಎರಡು ಆಪರೇಷನ್, ಎಂಟು ತಿಂಗಳು. ಅಷ್ಟೂ ದಿನ ಅವನ ಅಕ್ಕಪಕ್ಕದ ಮಂಚದಲ್ಲಿ ಊರಿಗಾಂನ ತಮಿಳು ಗಣಿ ಕೆಲಸಗಾರರು. ನರ್ಸಮ್ಮನ ಮಾತೂ ತಮಿಳೇ. ಇವನು ಸ್ಲೇಟು ಹಿಡಿದುಕೊಂಡು ಎಲ್ಲರ ಮಾತು ಕೇಳುತ್ತಿದ್ದ.

ಕೊಳವೆ ತೆಗೆಯುವ ದಿನ ಊರಿಂದ ಅವನ ತಾಯಿ ಬಂದರು. ಸೆರಗು ಬಾಯಿಗೆ ಒತ್ತಿಕೊಂಡು ಮಂಚದ ಹತ್ತಿರ ನಿಂತರು. ಕೊಳವೆ ತೆಗೆದು ತೂತಿನ ಮೇಲೆ ಬಟ್ಟೆ ಒತ್ತಿದೆ. ಮೂಗಿನಿಂದ ಉಸಿರು ಸಲೀಸಾಗಿ ಬಂತು. ಗೆದ್ದೆ ಅಂದುಕೊಂಡೆ.

ನರ್ಸಮ್ಮ ರೂಢಿಯಂತೆ ತಮಿಳಿನಲ್ಲೇ, "ಎಪ್ಪಡಿ ಇರುಕ್ಕೆ ತಂಬಿ?" ಎಂದು ಕ್ಷೇಮ ಕೇಳಿದರು.

ಅವನು ಬಾಯಿ ತೆರೆದ. ಒರಟು ದನಿ, ಆದರೆ ಗಟ್ಟಿ ದನಿ: "ರೊಂಬ ನಲ್ಲಾ ಇರುಕ್ಕೇನ್ ಅಕ್ಕಾ!"

ವಾರ್ಡೆಲ್ಲ ಚಪ್ಪಾಳೆ ಹೊಡೆಯಿತು. ತಾಯಿ ಮಾತ್ರ ಬಿಳಿಚಿಕೊಂಡು ನನ್ನ ತೋಳು ಹಿಡಿದರು.

"ಯಪ್ಪಾ ಡಾಕ್ಟರ, ನನ್ನ ಮಗಾ ಹಿಂಗ ಮಾತಾಡ್ತಿದ್ದಿಲ್ರೀ! ಯಾರ ಗಂಟಲಾ ತಂದು ಹಾಕೀರಿ?"