ಎರಡೇ ಹನಿ, ಐದೇ ದಿನ

ಕಾಂಪೌಂಡರ್ ಕೆಲಸ ಮಾಡಿದವನ ಹತ್ತಿರ ಕೂತು ಕೇಳಿ, ಹೊಟ್ಟೆನೋವಿನ ಕಥೆ ನೂರು ಹೇಳುತ್ತಾನೆ. ನನ್ನನ್ನು ಕೇಳಿದರೆ ನಾನು ಹೇಳೋದು ಮೂಗಿನ ಕಥೆ. ಮುಖದ ಮಧ್ಯೆ ಸುಮ್ಮನೆ ಕೂತಿರುವ ಈ ಎರಡು ತೂತು ನನಗೆ ಮಾಡಿಸಿದಷ್ಟು ಫಜೀತಿಯನ್ನು ಬೇರೆ ಯಾವ ಅಂಗವೂ ಮಾಡಿಸಲಿಲ್ಲ. ಎಷ್ಟು ಊರಿಗೆ ವರ್ಗವಾಗಿ ಹೋದರೂ ಅದು ನನಗಿಂತ ಮುಂಚೆ ಹೋಗಿ ಕಾದಿರುತ್ತಿತ್ತು.

ಎಪ್ಪತ್ತರ ದಶಕದಲ್ಲಿ ನಮ್ಮ ಸಣ್ಣ ಆಸ್ಪತ್ರೆಗಳಲ್ಲಿ ಮೂಗಿನ ಡ್ರಾಪ್ಸನ್ನು ನೀರಿಗೆ ಪುಡಿ ಹಾಕಿ ನಾವೇ ಕಲೆಸಬೇಕಿತ್ತು. ಜನ ಮನೆಯಿಂದ ಸೀಸೆ ತರೋರು, ನಾನು ದೊಡ್ಡ ಜಾಡಿಯಿಂದ ಅಳೆದು ಹಾಕುತ್ತಿದ್ದೆ. ಜೊತೆಗೆ ನನ್ನ ಮೊದಲ ಡಾಕ್ಟರು ಬಾಯಿಪಾಠ ಮಾಡಿಸಿದ್ದ ಮಂತ್ರವನ್ನೂ ಹೇಳುತ್ತಿದ್ದೆ. ಎರಡೇ ಹನಿ, ಐದೇ ದಿನ. ಒಂದು ಸೀಸೆ ಒಂದೇ ಮೂಗಿಗೆ. ಎಳೆಗೂಸಿಗೆ ಬೇಡ. ಬಿಪಿ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಐದು ದಿನದ ಮೇಲೂ ಹಾಕುತ್ತಾ ಹೋದರೆ ಮೂಗು ಅದಕ್ಕೇ ಒಗ್ಗಿಕೊಂಡು, ಬಿಟ್ಟ ತಕ್ಷಣ ಮೊದಲಿಗಿಂತ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ.

ಇಷ್ಟು ಹೇಳುತ್ತಿದ್ದವನ ಅಂಗಿ ಜೇಬಿನಲ್ಲಿ ಏನಿತ್ತು ಅಂತೀರಿ? ಅದೇ ಡ್ರಾಪ್ಸಿನ ಸೀಸೆ. ಮಧುಗಿರಿಯಲ್ಲಿದ್ದಾಗ ಒಂದು ಧನುರ್ಮಾಸದ ಬೆಳಿಗ್ಗೆ ನೆಗಡಿಯಾಗಿ ಎರಡು ಹನಿ ಬಿಟ್ಟುಕೊಂಡೆ. ಅಬ್ಬ, ಗೋಡೆಯಂತಿದ್ದ ಮೂಗು ಎರಡೇ ನಿಮಿಷಕ್ಕೆ ಬಯಲಾಯಿತು. ಬೆಟ್ಟದ ಕಡೆಯಿಂದ ಬಂದ ತಣ್ಣನೆಯ ಗಾಳಿ ನೇರ ನೆತ್ತಿಗೇರಿತು. ಆ ಬೆರಗಿನಲ್ಲಿ ಐದು ದಿನ ಆರಾಯಿತು, ಆರು ದಿನ ಆರು ವರ್ಷವಾಯಿತು. ಎರಡು ಗಂಟೆಗೊಮ್ಮೆ ಹನಿ ಬೀಳದಿದ್ದರೆ ಉಸಿರೇ ಇಲ್ಲ. ಇನ್ನು ವಾಸನೆಯಂತೂ ಹನಿ ಬಿದ್ದರೂ ಇಲ್ಲ. ಈ ನಡುವೆ ಮದುವೆಯೂ ಆಯಿತು. ಹೆಂಡತಿ ಕೊಟ್ಟ ಕಾಫಿಯನ್ನು ಬಣ್ಣ ನೋಡಿ ಹೊಗಳುತ್ತಿದ್ದೆ. ಒಂದು ಸಲ, ಒಂದೇ ಒಂದು ಸಲ ಆ ಕಾಫಿಯ ವಾಸನೆ ನೋಡಿ ಸಾಯಬೇಕು ಅಂತ ಆಸೆ. ಸೀಸೆ ಬಿಡೋ ಧೈರ್ಯ ಮಾತ್ರ ಇಲ್ಲ. ಯಾರಿಗೂ ಹೇಳೋ ಹಾಗೂ ಇಲ್ಲ, ಮಾನ ಹೋಗುತ್ತದೆ.

ಹಾಜರಿ ಪುಸ್ತಕ

ಮಧುಗಿರಿಯಲ್ಲೇ ಆದದ್ದು. ಒಬ್ಬ ಸ್ಕೂಲ್ ಮಾಸ್ತರು ಮೂಗು ಕಟ್ಟಿದೆ ಅಂತ ಬಂದರು. ಔಷಧಿ ಕೊಟ್ಟು, ಶುದ್ಧವಾದ ಫಿಲ್ಲರಿನಲ್ಲಿ ಎರಡೆರಡು ಹನಿ ಬಿಟ್ಟುಕೊಳ್ಳಿ, ತುದಿ ಮೂಗಿಗೆ ತಾಗಬಾರದು ಅಂದೆ. ಓದಿದವರು, ಇನ್ನು ಬಿಡಿಸಿ ಹೇಳುವುದೇನು ಅಂತ ಸುಮ್ಮನಾದೆ.

ಮಾರನೇ ದಿನ ಟವೆಲಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ಬಂದು ನನ್ನನ್ನು ಮೂಲೆಗೆ ಕರೆದರು. ತಮ್ಮ ತಲೆಯೊಳಗೆ ಯಾವುದೋ ನರ ಒಡೆದಿದೆ, ಹೆಂಡತಿ ಮಕ್ಕಳಿಗೆ ಹೇಳಿಲ್ಲ ಅಂದರು. ಟವೆಲು ತೆಗೆದರೆ ಮೀಸೆ ನೀಲಿ, ತುಟಿ ನೀಲಿ, ಮೂಗಿನಿಂದ ಇಳಿಯುತ್ತಿದ್ದದ್ದೂ ನೀಲಿ. ಯಾವ ಫಿಲ್ಲರು ಅಂತ ಕೇಳಿದೆ. ಸ್ಟಾಫ್ ರೂಮಿನಲ್ಲಿ ಪೆನ್ನಿಗೆ ಮಸಿ ತುಂಬುವ ಫಿಲ್ಲರಂತೆ. ನೀರಲ್ಲಿ ಒಂದು ಸಲ ಅದ್ದಿದ್ದರಂತೆ.

ಕುದಿಸಿ ಆರಿಸಿದ ಬೇರೆ ಫಿಲ್ಲರು ಕೊಟ್ಟು ಸಮಾಧಾನ ಮಾಡಿದೆ. ಪ್ರಾಣಕ್ಕೇನೂ ಇಲ್ಲ ಅಂತ ಗೊತ್ತಾದ ಮೇಲೆ ಅವರಿಗೆ ಬೇರೆ ಚಿಂತೆ ಹತ್ತಿತು. ಬೆಳಿಗ್ಗೆ ತೆರೆದಿಟ್ಟ ಹಾಜರಿ ಪುಸ್ತಕದ ಮೇಲೇ ಸೀನಿದ್ದರಂತೆ. ಹೆಡ್ಮಾಸ್ತರು ಬಂದು ನೋಡಿ, ರಜಾದಲ್ಲಿರೋ ಮೂರು ಜನರ ಸಹಿಯನ್ನು ಯಾರು ಹಾಕಿದ್ದು ಅಂತ ವಿಚಾರಣೆ ಶುರು ಮಾಡಿದ್ದರು.

ಪಂಕ್ತಿಭೇದ

ಆಮೇಲೆ ಕೊರಟಗೆರೆ ಕಡೆ ಹಾಕಿದರು. ಕೊಳಾಲದ ಹತ್ತಿರದ ಒಂದು ಮನೆಯ ಯಜಮಾನರಿಗೆ ಡ್ರಾಪ್ಸು ಕೊಟ್ಟಿದ್ದೆ. ಮಲಗಿ, ತಲೆಯನ್ನು ಸ್ವಲ್ಪ ಹಿಂದಕ್ಕೆ ಇಳಿಬಿಟ್ಟು ಹಾಕಿಸಿಕೊಳ್ಳಿ ಅಂತಲೂ ತೋರಿಸಿಕೊಟ್ಟಿದ್ದೆ. ಎರಡು ದಿನ ಬಿಟ್ಟು ಆ ಕಡೆ ಹೋಗಿದ್ದಾಗ ಹೆಂಗಿದ್ದಾರೋ ನೋಡೋಣ ಅಂತ ಸೈಕಲ್ಲು ತಿರುಗಿಸಿದೆ.

ಹೋಗಿ ನೋಡಿದರೆ ಜಗಲಿಯ ಉದ್ದಕ್ಕೂ ಎಂಟು ಜನ ಸಾಲಾಗಿ ಮಲಗಿದ್ದಾರೆ. ಎಂಟು ತಲೆಯೂ ಅಂಚಿನಿಂದ ಕೆಳಗೆ ಇಳಿಬಿದ್ದಿವೆ. ಮನೆಯ ಹಿರಿಯ ಸೊಸೆ ಒಂದೇ ಸೀಸೆ, ಒಂದೇ ಫಿಲ್ಲರು ಹಿಡಿದು, ತುಪ್ಪ ಬಡಿಸುವವಳ ಹಾಗೆ ಈ ಕೊನೆಯಿಂದ ಆ ಕೊನೆಗೆ ಬರುತ್ತಿದ್ದಾಳೆ. ಯಜಮಾನರ ಮೂಗಿಗೆ ತಾಗಿದ ತುದಿ ಅವರ ತಮ್ಮನ ಮೂಗಿಗೆ, ಅಲ್ಲಿಂದ ಅತ್ತೆಯ ಮೂಗಿಗೆ. ನಾನು ಸೈಕಲ್ಲನ್ನು ಹಂಗೇ ಬಿಟ್ಟು ಓಡಿದೆ.

ಒಬ್ಬರ ಮೂಗಿನದು ಇನ್ನೊಬ್ಬರಿಗೆ ಅಂಟುತ್ತದೆ ಅಂತ ಬಿಡಿಸಿ ಹೇಳಿದೆ. ಎಲ್ಲರಿಗೂ ನೆಗಡಿಯಾ ಅಂತ ಕೇಳಿದೆ. ಮೊದಲ ದಿನ ಯಜಮಾನರಿಗೆ ಮಾತ್ರ ಇತ್ತಂತೆ, ಈಗ ಎಲ್ಲರಿಗೂ ಇದೆಯಂತೆ. ನೋಡಿದಿರಾ ಅಂದೆ. ಆ ಅತ್ತೆ, ಮನೆಯ ಹಿರಿಯಮ್ಮ, ತಲೆಯನ್ನು ಇಳಿಬಿಟ್ಟುಕೊಂಡೇ, ನನ್ನನ್ನು ತಲೆಕೆಳಗಾಗಿ ನೋಡುತ್ತಾ ಹೇಳಿತು. "ಒಬ್ರಿಗೆ ಹಾಕಿ ಉಳಿದೋರು ನೋಡ್ತಾ ಕೂತ್ಕಳಕ್ಕೆ ಆಯ್ತದೇನಪ್ಪ? ನಮ್ಮನೇಲಿ ಯಾವತ್ತೂ ಪಂಕ್ತಿಭೇದ ಮಾಡಿಲ್ಲ."

ಸರ್ಕಾರಿ ಉಪ್ಪು

ಶಿರಾದಲ್ಲಿ ಒಬ್ಬ ಸಾಬರ ಅಜ್ಜಿ ಒಂದೂವರೆ ತಿಂಗಳ ಮೊಮ್ಮಗನನ್ನು ಎತ್ತಿಕೊಂಡು, ಅದರ ತಾಯಿಯನ್ನೂ ಕರೆದುಕೊಂಡು ಬಂದಿದ್ದಳು. ಮೂಗು ಕಟ್ಟಿ, ಹಾಲು ಕುಡಿಯಲು ಬಾಯಿ ಇಟ್ಟರೆ ಉಸಿರು ಸಿಗದೆ ಮಗು ಅಳುತ್ತಿತ್ತು. ನಿನ್ನ ಜಾಡಿಯ ಔಷಧಿ ಕೊಡು ಅಂತ ಅಜ್ಜಿಯ ಹಟ. ಕೂಸಿಗೆ ಅದು ಆಗದು ಅಂತ ಡಾಕ್ಟರು ಉಪ್ಪುನೀರು ಬರೆದರು. ಕುದಿಸಿ ಆರಿಸಿದ ನೀರಿಗೆ ಲೆಕ್ಕದ ಉಪ್ಪು, ಅಷ್ಟೇ. ಅಜ್ಜಿ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿ, "ಯೇ ತೋ ನಮಕ್ ಹೈ" ಅಂತ ಮುಖ ಸಿಂಡರಿಸಿದಳು.

ನಾನೇ ಮಗುವಿನ ಮೂಗಿಗೆ ಒಂದೊಂದು ಹನಿ ಬಿಟ್ಟು, ಬಂದದ್ದನ್ನು ಮೆತ್ತಗೆ ಒರೆಸಿದೆ. ಮಗು ಒಂದು ಸೀನು ಸೀನಿತು. ತಾಯಿ ಸೆರಗು ಮುಚ್ಚಿ ಎದೆಗಿಟ್ಟುಕೊಂಡಳು. ಆಮೇಲೆ ಗುಟುಕ್ ಗುಟುಕ್ ಅಂತ ಶಬ್ದ ಕೇಳಿಸಿತು ನೋಡಿ, ನನ್ನ ಮೈ ಜುಮ್ಮೆಂದಿತು. ಒಂದು ಹನಿ ಉಪ್ಪುನೀರಿಗೆ ಇಷ್ಟು ಶಕ್ತಿಯಿದೆ. ನಾನು ಜೇಬಿನ ಸೀಸೆ ಮುಟ್ಟಿಕೊಂಡು ನಾಚಿಕೆಯಿಂದ ನಿಂತಿದ್ದೆ.

ವಾರವಾಗುವುದರೊಳಗೆ ಅಜ್ಜಿ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದಳು. ಎಲ್ಲರ ಕೈಯಲ್ಲೂ ಸೀಸೆ. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ಅಳತೆ ಹೇಳಿಕೊಡುತ್ತೇನೆ ಅಂದೆ. ಅಜ್ಜಿ ನನ್ನ ಪೆದ್ದುತನಕ್ಕೆ ಮರುಗಿದಳು. "ಮನೆ ಉಪ್ಪು ಸಾರಿಗೆ ಬೇಟಾ. ಮೂಗಿಗೆ ಸರ್ಕಾರಿ ಉಪ್ಪೇ ಆಗಬೇಕು."

ಕುರಿಯ ಮೂಗು

ಎಂಬತ್ತರ ದಶಕ ಶುರುವಾದಾಗ ನಾನು ಪಾವಗಡದ ಕಡೆ, ಬಲಸಮುದ್ರದಿಂದ ಸ್ವಲ್ಪ ದೂರದ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಆ ಹೊತ್ತಿಗೆ ಡ್ರಾಪ್ಸಿನ ಪುಡಿ ಖಾಲಿಯಾಗಿತ್ತು. ಮೇಲಿನಿಂದ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಉಳಿದದ್ದು ನನ್ನ ಜೇಬಿನಲ್ಲಿದ್ದ ಒಂದು ಸೀಸೆ. ಅದನ್ನು ಹನಿ ಹನಿ ಎಣಿಸಿ ಜೀವ ಹಿಡಿದುಕೊಂಡಿದ್ದೆ.

ಒಂದು ಬೆಳಿಗ್ಗೆ, ಮನೆಯಲ್ಲಿ ಹಳೇ ಡ್ರಾಪ್ಸು ಉಳಿಸಿಕೊಂಡಿದ್ದ ಯಾರಿಗೋ ನನ್ನ ಮಂತ್ರ ಹೇಳುತ್ತಿದ್ದೆ. ಜಾಸ್ತಿ ದಿನ ಹಾಕಿದರೆ ಮೂಗು ಬಿಗಿಯಾಗಿ ಮುಚ್ಚಿಹೋಗುತ್ತದೆ ಅಂತ ಜೋರಾಗಿ ಹೆದರಿಸಿದೆ. ಸಾಲಿನಲ್ಲಿದ್ದ ಒಬ್ಬ ಕುರಿ ಸಾಕುವ ಅಜ್ಜಿ ಸರಸರನೆ ಮುಂದಕ್ಕೆ ಬಂತು. ಕಂಬಳಿಯೊಳಗೆ ಎರಡು ದಿನದ ಕುರಿಮರಿ ಇತ್ತು.

"ಗೊರ್ರೆ ಮುಕ್ಕು ಮೂಸೇ ಮಂದು ಕಾವಾಲ ಸಾಮಿ," ಅಂತು. ನನಗೆ ತೆಲುಗು ಅಷ್ಟಕ್ಕಷ್ಟೆ. ಆದರೂ ಕುರಿಯ ಮೂಗು ಮುಚ್ಚುವ ಔಷಧಿ ಬೇಕು ಅಂತಿದೆ ಅಂತ ತಿಳಿಯಿತು. ತೆಗೆಯುವುದಲ್ಲವೇನಮ್ಮ ಅಂದೆ. ಅಲ್ಲ, ಮುಚ್ಚುವುದೇ ಅಂತು. ಆಮೇಲೆ ಕನ್ನಡದಲ್ಲಿ ಬಿಡಿಸಿ ಹೇಳಿತು. ಈ ಮರಿಯ ತಾಯಿ ಈಯುವಾಗ ಸತ್ತಿತ್ತು. ಅದೇ ದಿನ ಇನ್ನೊಂದು ಕುರಿಯ ಮರಿ ಸತ್ತಿತ್ತು. ಸತ್ತ ಮರಿಯ ಚರ್ಮವನ್ನು ಇದಕ್ಕೆ ಹೊದಿಸಿದರೆ ಆ ಕುರಿ ತನ್ನದೇ ಅಂತ ಒಪ್ಪಿಕೊಳ್ಳುತ್ತಿತ್ತು. ಆದರೆ ಚರ್ಮ ಸುಲಿಯುವ ಮೊದಲೇ ನರಿ ಅದನ್ನು ಎಳೆದುಕೊಂಡು ಹೋಗಿತ್ತು. ಈಗ ಕುರಿ ಈ ಮರಿಯನ್ನು ಮೂಸಿ ಮೂಸಿ ಗುಮ್ಮುತ್ತದೆ. ಮೂಗು ಮುಚ್ಚಿಬಿಟ್ಟರೆ ಯಾರ ಮರಿ ಅಂತ ಅದಕ್ಕೇನು ಗೊತ್ತಾಗುತ್ತದೆ?

ಅಷ್ಟು ವರ್ಷ ಅಷ್ಟು ಜನಕ್ಕೆ ಆ ಎಚ್ಚರಿಕೆ ಹೇಳಿದ್ದೆ. ಅದನ್ನು ಕಿವಿಗೊಟ್ಟು ಕೇಳಿದ್ದು ಈ ಅಜ್ಜಿ ಒಂದೇ. ಕೇಳಿದ ಕಾರಣ ಮಾತ್ರ ಬೇರೆ. ಇದು ಕುರಿಗೆ ಹಾಕುವುದಲ್ಲ, ದನದ ಆಸ್ಪತ್ರೆಗೆ ಹೋಗಮ್ಮ ಅಂದೆ. ಅಲ್ಲಿಗೆ ಹೋಗಿಯೇ ಬಂದಿದ್ದೀನಿ, ಬಾಗಿಲು ಹಾಕೈತೆ ಅಂತು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಕೇಳಿತು.

"ನೀನು ಹೇಳಿದ್ದು ದಿಟಾನಾ? ಮೂಗು ಮುಚ್ಚೇ ಮುಚ್ತದಾ?"

"ದಿಟ ಕಣಮ್ಮ. ನಂದೇ ಆರು ವರ್ಷದಿಂದ ಮುಚ್ಚಿದೆ," ಅಂದುಬಿಟ್ಟೆ. ಹೆಂಡತಿಗೂ ಹೇಳದ ಮಾತು ಅದು.

"ಅಂಗಾರೆ ಅದನ್ನೇ ಕೊಡು," ಅಂತು ಅಜ್ಜಿ.

ಕೊಡುವುದಿಲ್ಲ ಅಂತಲೇ ಇದ್ದೆ. ಅಷ್ಟರಲ್ಲಿ ಮರಿ ನನ್ನ ಬೆರಳನ್ನು ಬಾಯಿಗೆಳೆದುಕೊಂಡು ಚೀಪತೊಡಗಿತು. ಅಂಗೈಯಗಲದ ಜೀವ, ಅದರ ಎಳೆತ ಮಾತ್ರ ಬಲು ಜೋರು. ಜೇಬಿಗೆ ಕೈ ಹಾಕಿದೆ. ನನ್ನ ಉಸಿರನ್ನೇ ಎತ್ತಿ ಕೊಟ್ಟ ಹಾಗಾಯಿತು.

ಸಂಜೆ ಹಾಕುವುದನ್ನು ತೋರಿಸಿಕೊಡಲು ಅಜ್ಜಿ ಕುರಿ ಕೂಡುವ ರೊಪ್ಪಕ್ಕೆ ನಾನೇ ಹೋದೆ. ಗೊಬ್ಬರದ ಮೇಲೆ ಮಂಡಿಯೂರಿ, ಕುರಿಯ ಮುಖವನ್ನು ತೊಡೆಯ ಮೇಲಿಟ್ಟುಕೊಂಡು ಹನಿ ಬಿಟ್ಟೆ. ಅದು ಫೂತ್ ಅಂತ ಸೀನಿ ಎಲ್ಲವನ್ನೂ ಮರಿಯ ಮೈಮೇಲೆ ಉಗುಳಿತು. ಎಷ್ಟೋ ಆಫೀಸರು ಬಂದಿದ್ದಾರೆ, ರೊಪ್ಪದ ಬಾಗಿಲಲ್ಲೇ ಮೂಗಿಗೆ ಕರ್ಚೀಪು ಇಟ್ಕಂತಾರೆ, ನೀನೊಬ್ಬನೇ ಸಾಮಿ ಅಸಹ್ಯಪಡದೆ ಕೂತವನು ಅಂತ ಅಜ್ಜಿ ಹೊಗಳಿತು. ನಿಜ ಸಂಗತಿ ಏನೆಂದರೆ, ಅಲ್ಲಿ ವಾಸನೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಕಳೆದೆ ಅಂತ ಕೇಳಬೇಡಿ. ಬಾಯಿ ತೆರೆದುಕೊಂಡೇ ಊಟ, ಬಾಯಿ ತೆರೆದುಕೊಂಡೇ ನಿದ್ದೆ. ತಾಳಲಾರದೆ ಹೆಂಡತಿಯ ಹತ್ತಿರ ಎಲ್ಲ ಹೇಳಿಕೊಂಡೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಸುಮ್ಮನೆ ನೀರು ಕುದಿಸಿ, ಆರಿಸಿ, ಉಪ್ಪು ಹಾಕಿ ತಂದಿಟ್ಟಳು. ದಿನಕ್ಕೆ ನಾಲ್ಕು ಸಲ ಅದನ್ನೇ ಬಿಟ್ಟುಕೊಂಡೆ. ವಾರ ಕಳೆದ ಮೇಲೆ ಒಂದು ಹೊಳ್ಳೆಯಲ್ಲಿ ಎಳೆಯಷ್ಟು ಗಾಳಿ ಆಡಿತು. ಎಂದೋ ಕಳೆದುಕೊಂಡಿದ್ದು ಸಿಕ್ಕಿದ ಹಾಗೆ ಗಳಗಳ ಅತ್ತುಬಿಟ್ಟೆ.

ಹನ್ನೆರಡನೇ ದಿನ ಬೆಳಿಗ್ಗೆ ಅಜ್ಜಿ ಆಸ್ಪತ್ರೆಗೆ ಹೇಳಿಕಳಿಸಿತು. ಮರಿ ಹೋಯಿತೇನೋ ಅಂತ ರೊಪ್ಪಕ್ಕೆ ಓಡಿದೆ. ನೋಡಿದರೆ ಕುರಿ ಆ ಮರಿಯನ್ನು ಬಾಲದಿಂದ ತಲೆಯವರೆಗೆ ಮೂಸಿ ಮೂಸಿ ನೆಕ್ಕುತ್ತಾ ನಿಂತಿದೆ. ಮರಿ ಬಾಲ ಅಲ್ಲಾಡಿಸುತ್ತಾ ಕೆಚ್ಚಲು ಗುದ್ದಿ ಗುದ್ದಿ ಕುಡಿಯುತ್ತಿದೆ. ಕುರಿಯ ಮೂಗು ಒಂದು ದಿನವೂ ಮುಚ್ಚಿರಲಿಲ್ಲ. ದಿನಾ ಸೀನಿ ಸೀನಿ ತನ್ನ ಮೂಗಿನದ್ದನ್ನೆಲ್ಲ ಮರಿಯ ಮೈಗೆ ಬಳಿದು, ಅದು ತನ್ನದೇ ವಾಸನೆ ಅಂತ ಒಪ್ಪಿಕೊಂಡಿತೋ, ಅಜ್ಜಿ ಹಗಲೆಲ್ಲ ಹಿಡಿದು ಕುಡಿಸಿದ್ದಕ್ಕೆ ಮನಸ್ಸು ಕರಗಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೈಮುಗಿಯಬೇಕು ಅನ್ನಿಸಿತು.

ಮರಿಯನ್ನು ಎತ್ತಿಕೊಳ್ಳೋಣ ಅಂತ ಬಗ್ಗಿ, ಸಂತೋಷಕ್ಕೆ ಉದ್ದನೆಯ ಉಸಿರೆಳೆದೆ. ಎರಡು ಹೊಳ್ಳೆಯೂ ಒಟ್ಟಿಗೆ ತೆರೆದುಕೊಂಡವು. ಆರು ವರ್ಷದಿಂದ ವಾಸನೆಗೆ ಹಂಬಲಿಸಿದವನ ಮೂಗಿಗೆ ನೂರು ಕುರಿಗಳ ಗಬ್ಬು, ಹಿಕ್ಕೆ, ಗಂಜಲ ಎಲ್ಲ ಒಂದೇ ಸಲ ನುಗ್ಗಿದವು. ತಲೆ ಗಿರ್ರನೆ ತಿರುಗಿತು. ಎರಡೂ ಕೈಯಲ್ಲಿ ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ಗೋಡೆಗೊರಗಿದೆ.

ಅಜ್ಜಿ ನನ್ನನ್ನು ನೋಡಿತು, ನೆಕ್ಕುತ್ತಿದ್ದ ಕುರಿಯನ್ನು ನೋಡಿತು, ಮತ್ತೆ ನನ್ನನ್ನು ನೋಡಿತು.

"ಇದೆಂಥಾ ಔಷಧೀನೋ ಸಾಮಿ," ಅಂತು. "ಹಾಕಿದ್ದು ಕುರಿಗೆ, ಮೂಗು ಮುಚ್ಕಂಡಿದ್ದು ನೀನು."