ಲೊರೆಟ್ಟಾಳ ನೀಲಿ ಹಂಡೆ

"ಲೊರೆಟ್ಟಾಳ ನೀಲಿ ಹಂಡೆಯನ್ನು ನಾನು ಸಾಯಲು ಬಿಡುವುದಿಲ್ಲ!"

ಹೀಗೆಂದು ನಾನು ಘೋಷಿಸಿದ್ದು ಲೊರೆಟ್ಟಾಳನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ, ಚರ್ಚಿನ ನೆಲಮಾಳಿಗೆಯಲ್ಲಿ. ಕೈಯಲ್ಲಿ ಆಲೂಗಡ್ಡೆ ಸಲಾಡಿನ ಕಾಗದದ ತಟ್ಟೆ ಇತ್ತು. ಕತ್ತಿ ಇದ್ದಿದ್ದರೆ ಅದನ್ನೇ ಎತ್ತಿ ಹಿಡಿಯುತ್ತಿದ್ದೆ.

ನನ್ನ ಗಂಡ ಕರ್ಟ್ ಕಿವಿಯ ಬಳಿ ಬಗ್ಗಿದ. "ಟೆಸ್ಸಾ, ಹೋದ ವರ್ಷ ಒಂದು ಕಳ್ಳಿ ಗಿಡ ಉಳಿಸ್ಕೊಳ್ಳೋಕೆ ಆಗ್ಲಿಲ್ಲ ನಿನ್ನ ಕೈಲಿ."

"ಅದು ಕಳ್ಳಿಯ ತಪ್ಪು!"

ಒಹಾಯೊದ ನಮ್ಮ ಸಣ್ಣ ಊರಿನಲ್ಲಿ ನಾವೊಂದಷ್ಟು ಜನರಿದ್ದೇವೆ. ವಾರವಿಡೀ ಬ್ಯಾಂಕು, ಗ್ಯಾರೇಜು, ಕಾಲೇಜು ಎಂದು ದುಡಿದು, ಶನಿವಾರ ಬಂತೆಂದರೆ ಹವ್ಯಾಸಕ್ಕೆಂದು ಹಳೆಯ ಯುರೋಪಿನ ವೇಷ ತೊಟ್ಟು ಎಂಟುನೂರು ವರ್ಷ ಹಿಂದಕ್ಕೆ ಹೊರಟುಬಿಡುತ್ತೇವೆ. ವಿಮಾ ಕಚೇರಿಯ ಗುಮಾಸ್ತ ಉಕ್ಕಿನ ಕವಚ ತೊಡುತ್ತಾನೆ, ದಂತವೈದ್ಯೆ ಹಂಸದ ಗರಿಯಲ್ಲಿ ಬರೆಯುತ್ತಾಳೆ. ಪ್ರತಿ ವಸಂತದಲ್ಲಿ ಶಾಲೆಯ ಕಟ್ಟಡವನ್ನು ಕೇಳಿ ಪಡೆದು ಒಂದು ದಿನ ಆ ಕಾಲದ ಕಸುಬುಗಳ ಪಾಠ ಮಾಡುತ್ತೇವೆ. ಬಲ್ಲವರು ಬಲ್ಲದ್ದನ್ನು ಪುಕ್ಕಟೆ ಕಲಿಸಬೇಕು. ಯಾವ ವಸ್ತುವನ್ನು ಕಂಡರೂ ನಮ್ಮದು ಒಂದೇ ಪ್ರಶ್ನೆ: "ಆ ಕಾಲದಲ್ಲಿ ಇದು ಇತ್ತಾ?"

ಲೊರೆಟ್ಟಾ ಕಲಿಸುತ್ತಿದ್ದದ್ದು ಬಟ್ಟೆಗೆ ನೀಲಿ ಬಣ್ಣ ಹಾಕುವುದನ್ನು. ಒಂದು ಜಾತಿಯ ಸೊಪ್ಪಿನ ಪುಡಿಯನ್ನು ಹಂಡೆಯೊಳಗೆ ಹಳಸಿದ ಮೂತ್ರದಲ್ಲಿ ಹುದುಗಿಸಬೇಕು. ಹೌದು, ಮೂತ್ರವೇ. ಮೂಗು ಮುಚ್ಚಿಕೊಂಡು ಮುಂದೆ ಓದಿ. ಅದ್ದಿ ತೆಗೆದ ಬಟ್ಟೆ ಮೊದಲು ಹಳದಿಯಾಗಿಯೇ ಇರುತ್ತದೆ. ಗಾಳಿ ಸೋಕುತ್ತಿದ್ದಂತೆ ಹಸಿರಾಗಿ, ನಾವು ನೋಡುತ್ತಿದ್ದಂತೆಯೇ ನೀಲಿಯಾಗುತ್ತದೆ. ಎಷ್ಟು ವರ್ಷ ಕಲಿಸಿದರೂ ಆ ಗಳಿಗೆಗೆ ಲೊರೆಟ್ಟಾ ಮಾತು ನಿಲ್ಲಿಸುತ್ತಿದ್ದಳು. ಆಮೇಲೆ ಮೆಲ್ಲಗೆ, "ಉಸಿರಾಡ್ತಾ ಇದೆ, ನೋಡಿ" ಎನ್ನುತ್ತಿದ್ದಳು. ಮೊಸರಿನ ಹೆಪ್ಪಿನಂತೆ ಆ ಹುದುಗು ಜೀವಂತ. ಬೆಚ್ಚಗಿಡಬೇಕು, ಆಗಾಗ ಉಣಿಸಬೇಕು. "ನನ್ನ ಮದುವೆಯಷ್ಟು ಹಳೇದು ಈ ಹಂಡೆ. ಎರಡೂ ಇನ್ನೂ ಬದುಕಿವೆ!" ಎಂದು ಪ್ರತಿ ಪಾಠದಲ್ಲೂ ಹೇಳಿ ನಗಿಸುತ್ತಿದ್ದಳು.

ಹಂಡೆಯನ್ನು ನಮ್ಮ ಮನೆಗೆ ತಂದವರು ಅವಳ ಗಂಡ ವೆಂಡೆಲ್. ಕಂಕುಳಲ್ಲಿ ಬಿಳಿಯ ಉಣ್ಣೆಯ ಅಂಗಿಯೊಂದಿತ್ತು. ಒಂದು ತೋಳಿನ್ನೂ ಅರ್ಧ ಹೊಲಿದಿತ್ತು, ಸೂಜಿ ಅಲ್ಲೇ ಚುಚ್ಚಿಕೊಂಡಿತ್ತು.

"ನಂಗೋಸ್ಕರ ಹೊಲೀತಿದ್ಲು. ವಸಂತದಲ್ಲಿ ಬಣ್ಣ ಹಾಕ್ಕೊಡ್ತೀನಿ ಅಂದಿದ್ಲು. ಪಾಠದ ದಿನ ತರ್ತೀನಿ ಮಗೂ. ಅವಳ ಹಂಡೆಯಿಂದಲೇ ಆ ನೀಲಿ ಬಂದ್ರೆ..." ಎಂದವರು ಮಾತು ಮುಗಿಸದೆ ಟೊಪ್ಪಿಗೆ ಹಾಕಿಕೊಂಡು ಹೊರಟುಹೋದರು.

ಮುಚ್ಚಳ ತೆಗೆದರೆ, ಒಳಗೆ ಮೀನಿನ ತೊಟ್ಟಿಯ ವಿದ್ಯುತ್ ಹೀಟರ್!

ನನ್ನ ಗುರು, ಮಹಾತಾಯಿ ಲೊರೆಟ್ಟಾ ಗುಟ್ಟಾಗಿ ಹೀಟರ್ ಇಟ್ಟಿದ್ದಳೇ? ಆ ಕಾಲದಲ್ಲಿ ಇದು ಇತ್ತಾ? ಗುರುವಿನ ಮಾನ ಉಳಿಸುವುದು ಶಿಷ್ಯೆಯ ಧರ್ಮ. ಹೀಟರನ್ನು ಕಿತ್ತೆಸೆದು, ಹಂಡೆಗೆ ಒಣಹುಲ್ಲು ಸುತ್ತಿ, ಮೇಲೆ ಕರ್ಟ್‌ನ ಚಳಿಗಾಲದ ಕೋಟು ಹೊದಿಸಿದೆ. ಆಮೇಲೆ ಅವನ ಕೈಗೆ ಒಂದು ಜಾಡಿ ಕೊಟ್ಟೆ.

"ಏನಿದು?"

"ಹಂಡೆಗೆ ಊಟ. ಗಂಡಸರದ್ದೇ ಶ್ರೇಷ್ಠ ಅಂತ ಹಳಬರು ಹೇಳಿದ್ದಾರೆ."

"ಮದುವೇಲಿ ಸುಖದಲ್ಲೂ ಕಷ್ಟದಲ್ಲೂ ಅಂದಿದ್ದೆ. ಜಾಡಿಯಲ್ಲೂ ಅಂದಿರಲಿಲ್ಲ."

"ಇನ್ನೊಂದು ವಿಷಯ. ಕಾಫಿ ಬಿಡಬೇಕು. ಆ ಕಾಲದಲ್ಲಿ ಕಾಫಿ ಇರಲಿಲ್ಲ."

ಕರ್ಟ್ ಜಾಡಿಯನ್ನು ಮೇಜಿನ ಮೇಲಿಟ್ಟ. "ಆ ಕಾಲದಲ್ಲಿ ವಿಚ್ಛೇದನ ಇತ್ತಾ?"

"ಸುಲಭವಾಗಿ ಸಿಗ್ತಿರಲಿಲ್ಲ."

"ಪಾಪ" ಎಂದು ಜಾಡಿ ತೆಗೆದುಕೊಂಡು ಹೋದ. ಒಳ್ಳೆಯವನು.

ಮಾರ್ಚ್ ಮುಗಿಯುತ್ತ ಬಂದರೂ ಚಳಿ ಮುಗಿಯಲಿಲ್ಲ. ಪಾಠದ ಹಿಂದಿನ ಬೆಳಿಗ್ಗೆ ಮುಚ್ಚಳ ಸರಿಸಿದೆ. ನೀರಿನ ಮೇಲೆ ತೇಲಬೇಕಾದ ತಾಮ್ರದಂಥ ಹೊಳಪು ಇರಲಿಲ್ಲ. ಕೈಗೆ ಹಂಡೆ ಐಸಿನಂತೆ ತಣ್ಣಗಿತ್ತು. ಹೆದರಿ ಅದನ್ನು ಒಲೆಯ ಮೇಲೇರಿಸಿದೆ. ತುಸುವೇ ಬೆಚ್ಚಗಾಗಲೆಂದು, ಅಷ್ಟೇ! ಅಷ್ಟರಲ್ಲಿ ಪಾಠದ ಅಭ್ಯಾಸ ಮಾಡೋಣವೆಂದು ಕನ್ನಡಿಯ ಮುಂದೆ ನಿಂತೆ. ಲೊರೆಟ್ಟಾಳ ಹಾಗೆ ತಲೆ ವಾಲಿಸಿ, ಅವಳ ಹಾಗೆಯೇ ಮೆಲುದನಿಯಲ್ಲಿ, "ಉಸಿರಾಡ್ತಾ ಇದೆ, ನೋಡಿ" ಎಂದೆ. ಚೆನ್ನಾಗಿತ್ತು. ಇನ್ನೊಮ್ಮೆ ಹೇಳಿದೆ. ಮತ್ತೊಮ್ಮೆ ಹೇಳುವಷ್ಟರಲ್ಲಿ ಅಡುಗೆಮನೆಯಲ್ಲಿ ಹಂಡೆ ಉಕ್ಕಿ, ಒಲೆಯ ಮೇಲೆ ಚೆಲ್ಲಿ, ಹೊಗೆಯೆದ್ದು, ಅಲಾರಂ ಅರಚತೊಡಗಿತು!

ಆ ವಾಸನೆಯನ್ನು ನಾನು ವರ್ಣಿಸುವುದಿಲ್ಲ. ಪಕ್ಕದ ಮನೆಯಾಕೆ ಅಗ್ನಿಶಾಮಕ ದಳವನ್ನು ಕರೆದಳು ಎಂದಷ್ಟೇ ಹೇಳುತ್ತೇನೆ. ಶಿರಸ್ತ್ರಾಣ ತೊಟ್ಟ ಇಬ್ಬರು ಬಾಗಿಲಲ್ಲೇ ನಿಂತುಬಿಟ್ಟರು.

"ಮೇಡಂ, ಒಲೆ ಮೇಲೆ ಏನಿಟ್ಟಿದ್ರಿ?"

ನನ್ನ ಹಿಂದಿನಿಂದ ಕರ್ಟ್ ಕೈ ಎತ್ತಿದ. "ಹೆಚ್ಚಿನ ಪಾಲು ನಂದೇ."

ಅವರು ಹೋದ ಮೇಲೆ ಹಂಡೆಯಲ್ಲಿ ಉಳಿದದ್ದಕ್ಕೆ ಬಿಳಿ ನೂಲಿನ ಎಳೆಯೊಂದನ್ನು ಅದ್ದಿ ಎತ್ತಿ ಹಿಡಿದೆ. ಅದು ಕೆಸರಿನ ಬಣ್ಣದಲ್ಲಿತ್ತು. ಗಾಳಿಗೆ ಹಿಡಿದೆ. ಕಿಟಕಿ ತೆರೆದು ಹಿಡಿದೆ. ಊದಿದೆ. ಅದು ಕೆಸರಾಗಿಯೇ ಉಳಿಯಿತು.

ಲೊರೆಟ್ಟಾಳನ್ನು ಮಣ್ಣು ಮಾಡಿದ ದಿನ ನನಗೆ ಅಳು ಬಂದಿರಲಿಲ್ಲ. ಅವತ್ತು ನಾನು ಭಾಷಣದಲ್ಲಿದ್ದೆನಲ್ಲ. ಈಗ ಒದ್ದೆ ನೆಲದ ಮೇಲೆ ಕೂತು, ನೂಲನ್ನು ಬೆರಳಿಗೆ ಸುತ್ತಿಕೊಂಡು ಅತ್ತೆ. ಕರ್ಟ್ ಬಂದು ಪಕ್ಕದಲ್ಲಿ ಕೂತ. ಕಳ್ಳಿ ಗಿಡದ ಮಾತು ಎತ್ತಲಿಲ್ಲ.

ಮರುದಿನ ಸತ್ತ ಹಂಡೆಯನ್ನು ಕಾರಿನಲ್ಲಿಟ್ಟು, ಕಿಟಕಿಗಳನ್ನೆಲ್ಲ ಇಳಿಸಿ ಶಾಲೆಗೆ ಹೋದೆವು. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ನಿಲುವಂಗಿಯ ಗಂಡಸರು, ತಲೆವಸ್ತ್ರದ ಹೆಂಗಸರು ಇಕ್ಕಟ್ಟಾಗಿ ಕೂತಿದ್ದರು. ಮೊದಲ ಸಾಲಿನಲ್ಲಿ ವೆಂಡೆಲ್, ತೊಡೆಯ ಮೇಲೆ ಮಡಿಸಿದ ಬಿಳಿ ಅಂಗಿ. ನಾನು ಕಂಠಪಾಠ ಮಾಡಿದ್ದ ಒಂದು ಮಾತೂ ಬರಲಿಲ್ಲ.

"ವೆಂಡೆಲ್, ನಾನು ಹಂಡೆಯನ್ನ ಸಾಯಿಸಿಬಿಟ್ಟೆ. ಹೀಟರ್ ತೆಗೆದೆ. ಆಮೇಲೆ ಕುದಿಸಿದೆ. ನಿಮ್ಮ ಅಂಗಿಗೆ ಅವಳ ನೀಲಿ ಇನ್ನು ಬರಲ್ಲ."

ವೆಂಡೆಲ್ ಹಂಡೆಯ ಬಳಿ ಬಂದು ಬಗ್ಗಿ ಮೂಸಿದರು.

"ಹೂಂ, ಹೋಗಿದೆ" ಎಂದರು. "ಲೊರೆಟ್ಟಾ ಒಂದ್ಸಲ ಹಿಮದಲ್ಲಿ ಹೊರಗೇ ಬಿಟ್ಟಿದ್ಲು. ಇನ್ನೊಂದ್ಸಲ ಸೋಪು ಬೀಳಿಸಿದ್ಲು. ಹೆಚ್ಚುಕಮ್ಮಿ ಪ್ರತಿ ಚಳಿಗಾಲ ಸಾಯ್ತಿತ್ತು ಮಗೂ. ಗ್ಯಾರೇಜಲ್ಲಿ ಕೂತು ಅಳೋಳು. ಆಮೇಲೆ ಮೂಗು ಒರೆಸ್ಕೊಂಡು ಹೊಸದಾಗಿ ಶುರು ಮಾಡೋಳು. ನಿಮಗ್ಯಾರಿಗೂ ಹೇಳ್ಬೇಡ ಅಂದಿದ್ಲು."

"ಮದುವೆಯಷ್ಟು ಹಳೇದು ಅಂತಿದ್ಲಲ್ಲ!"

"ಹಂಡೆ ಹಳೇದೇ. ಒಳಗಿರೋದನ್ನ ಆಗಾಗ ಹೊಸದಾಗಿ ಮಾಡ್ಬೇಕಾಗ್ತಿತ್ತು."

ಹಿಂದಿನ ಸಾಲಿನಲ್ಲಿ ಯಾರೋ ಮೂಗೆಳೆದರು, ಅದು ವಾಸನೆಗಲ್ಲ. ವೆಂಡೆಲ್ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು.

"ಊಟಕ್ಕೆ ಯಾರದ್ದು ಹಾಕ್ತಿದ್ದೆ?"

"ಕರ್ಟ್‌ದು. ಕಾಫಿ ಬಿಡಿಸಿ."

"ಕಾಫಿ ಬಿಡಿಸಿ?" ಮುದುಕರು ಕರ್ಟ್‌ನ ಹೆಗಲ ಮೇಲೆ ಮರುಕದಿಂದ ಕೈಯಿಟ್ಟರು. "ಇಷ್ಟು ವರ್ಷ ನೀವೆಲ್ಲ ಕಣ್ಣರಳಿಸಿ ನೋಡಿದ್ರಲ್ಲ, ಆ ನೀಲಿ, ಅದೆಲ್ಲ ನಂದೇ. ದಿನಾ ಒಂದು ಕೆಟಲ್ ಕಾಫಿ ಕುಡಿಯೋನು ನಾನು."

ಅಂಗಿಯನ್ನು ನನ್ನ ಕೈಯಲ್ಲಿಟ್ಟರು. ಅರ್ಧ ತೋಳಿನ ಸೂಜಿ ಇನ್ನೂ ಅಲ್ಲೇ ಇತ್ತು. ಮೇಜಿನ ಮೇಲಿದ್ದ ಖಾಲಿ ಜಾಡಿಯನ್ನು ಎತ್ತಿಕೊಂಡು, ಬಾಗಿಲ ಬಳಿ ಒಂದು ಗಳಿಗೆ ನಿಂತರು.

"ನೀವು ಸೊಪ್ಪಿನ ಪುಡಿ ಕಲಸ್ತಾ ಇರಿ, ಬಂದೆ. ಅವಳು ಹೋದ ಮೇಲೆ ನನ್ನ ಹತ್ರ ಯಾರೂ ಏನೂ ಕೇಳೇ ಇಲ್ಲ."